ಹಳೆಯ ಸಂದೂಕ

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆ ಕೋಟೆಗಳಿಗೂ ಕಾಳಗಗಳಿಗೂ ಹೆಸರಾದುದು. ಚರಿತ್ರೆಯನ್ನು ಅರಸುವವರು ರಾಯಚೂರಿನಲ್ಲಿ 1294ರ ಕೋಟೆಯನ್ನು ನೋಡಲು ಹೋಗುತ್ತಾರೆ. ಆದರೆ ಚರಿತ್ರೆ ಕೋಟೆಯ ಕಲ್ಲುಗಳಲ್ಲಿ ಮಾತ್ರವೇ ಅಡಗಿದೆಯೆ? ನಗರದ ಹಳೆಯ ಓಣಿಗಳಲ್ಲಿಯೂ ದೇವದುರ್ಗ, ಮಾನ್ವಿಗಳ ಹಳೆಯ ಮನೆಗಳಲ್ಲಿಯೂ ಮೂಲೆ ಹಿಡಿದು ಕುಳಿತ ಮರದ ಸಂದೂಕಗಳಲ್ಲಿಯೂ ಅದು ಇದೆ.

ಧಾನ್ಯಕ್ಕೆ ಹಗೇವು ಇದ್ದಂತೆ ಬೆಲೆಯುಳ್ಳ ವಸ್ತುಗಳಿಗೆ ಸಂದೂಕ. ಹಬ್ಬದ ಸೀರೆ, ಬೆಳ್ಳಿಯ ಬಟ್ಟಲು, ನಿಜಾಮರ ಆಳಿಕೆಯ ಕಾಲದ ಉರ್ದು ಕಾಗದಪತ್ರಗಳು ಇವೆಲ್ಲಕ್ಕೂ ಅದೇ ಆಶ್ರಯ. ತವರಿನಿಂದ ಸೊಸೆಯೊಡನೆ ಬಂದ ಸಂದೂಕಗಳೂ ಉಂಟು.

ಅದನ್ನು ಮಾಡುವುದು ಸುಲಭದ ಕೆಲಸವಲ್ಲ. ಕಡಿದ ಮೇಲೂ ಮರವು ಸುಮ್ಮನಿರುವುದಿಲ್ಲ. ಎಳೆಯ ಉದ್ದಕ್ಕೆ ಅದು ಹೆಚ್ಚು ಬದಲಾಗದು; ಆದರೆ ಅಗಲದಲ್ಲಿ ಮಳೆಗಾಲಕ್ಕೆ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಅಗಲವಾದ ಹಲಗೆಯನ್ನು ಸುತ್ತಲೂ ಮೊಳೆ ಹೊಡೆದು ಬಿಗಿದರೆ ಅದು ಸೀಳಿಹೋದೀತು. ಬಲ್ಲ ಬಡಿಗನು ಚೌಕಟ್ಟಿನ ಒಳಮೈಯಲ್ಲಿ ತೋಡು ಕೊರೆದು ಹಲಗೆಯನ್ನು ಅದರಲ್ಲಿ ಸಡಿಲವಾಗಿ ಕೂರಿಸುತ್ತಾನೆ. ಹಲಗೆಗೆ ಹಿಗ್ಗಲೂ ಕುಗ್ಗಲೂ ಅಲ್ಲಿ ಎಡೆಯುಂಟು. ತೇಗದ ಮರದಲ್ಲಿ ಸಹಜವಾಗಿಯೇ ಎಣ್ಣೆಯ ಅಂಶವಿರುವುದರಿಂದ ಗೆದ್ದಲೂ ಬೇಗನೆ ತಾಗದು.

ಸಂದೂಕಕ್ಕೆ ಒಂದು ಕೊರತೆಯಿದೆ. ತಳದ ವಸ್ತು ಬೇಕಾದರೆ ಮೇಲಿನದನ್ನೆಲ್ಲ ಹೊರತೆಗೆಯಬೇಕು. ಈ ತೊಡಕು ಬೇರೆ ನಾಡುಗಳವರಿಗೂ ಇತ್ತು. 17ನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದವರು ಓಕ್ ಮರದ ಚೌಕಟ್ಟುಗಳನ್ನು ಮರದ ಗೂಟಗಳಿಂದಲೇ ಬಿಗಿದು ಮುಚ್ಚಳದ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ಮೊದಲು ಅದರ ಕೆಳಭಾಗದಲ್ಲಿ ಎಳೆದು ತೆಗೆಯುವ ಒಂದೆರಡು ಖಾನೆಗಳು ಬಂದವು. ಕ್ರಮೇಣ ಮುಚ್ಚಳವೇ ಹೋಗಿ, ಮೇಲಿನಿಂದ ಕೆಳಗಿನವರೆಗೆ ಸೆಳೆಖಾನೆಗಳೇ ತುಂಬಿದವು. ಕನೆಕ್ಟಿಕಟ್ ನದಿಯ ಕಣಿವೆಯಲ್ಲಿ ಸುಮಾರು 1680ರಿಂದ 1740ರವರೆಗೆ ತಯಾರಾದ 'ಹ್ಯಾಡ್ಲಿ' ಪೆಟ್ಟಿಗೆಗಳ ಮುಂಭಾಗದಲ್ಲಿ ಅನೇಕ ವೇಳೆ ತರುಣಿಯರ ಹೆಸರಿನ ಮೊದಲಕ್ಷರಗಳನ್ನು ಕೆತ್ತಿರುತ್ತಿದ್ದರು. ಮದುವೆಯಾದೊಡನೆ ಆಸ್ತಿಯ ಹಕ್ಕು ಗಂಡನದಾಗುತ್ತಿದ್ದ ಆ ಕಾಲದಲ್ಲಿ ಹೆಣ್ಣಿನ ಹೆಸರು ಮರದ ಮೇಲಾದರೂ ಉಳಿಯಿತು. ಇಂದು ಅವುಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ಜೋಪಾನ ಮಾಡಿದ್ದಾರೆ.

ನಮ್ಮಲ್ಲಿಯೋ, ಮನೆ ಪಾಲಾಗುವಾಗ ಸಂದೂಕವನ್ನು ಅಗ್ಗಕ್ಕೆ ಮಾರುವವರೂ ಸೌದೆಗೆ ಒಡೆಯುವವರೂ ಉಂಟು. ಹೊಸದಾಗಿ ಕಾಣಲೆಂದು ಉಜ್ಜಿ ಬಣ್ಣ ಹಚ್ಚಿದರೂ ನಷ್ಟವೇ. ಸಾವಿರಾರು ಕೈಗಳು ಸವರಿ ಬಂದ ಹೊಳಪು ಒಮ್ಮೆ ಹೋದರೆ ಮರಳಿ ಬಾರದು. ಅದರ ತಳವನ್ನೊಮ್ಮೆ ಸವರಿ ನೋಡಬೇಕು. ಉಜ್ಜುಗೊರಡು ಹರಿದ ಸಣ್ಣ ಏರುತಗ್ಗುಗಳು ಬೆರಳಿಗೆ ತಾಗಿದರೆ ಅದು ಕೈಕೆಲಸವೆಂದು ತಿಳಿಯಬಹುದು. ಹೆಸರು ಬರೆಯದೆ ಹೋದ ಬಡಿಗನ ಸಹಿ ಅದು.

ಹಳೆಯದೆಲ್ಲವನ್ನೂ ಉಳಿಸಿಕೊಳ್ಳಲಾಗದು, ನಿಜ. ಆದರೆ ಅದು ಏನೆಂದು ಅರಿಯುವ ಮೊದಲೇ ಕಳೆದುಕೊಳ್ಳುವುದು ವಿವೇಕವಲ್ಲ.

ಅಭ್ಯಾಸ

ಪದಗಳ ಅರ್ಥ: ಹಗೇವು – ಧಾನ್ಯ ತುಂಬಿಡುವ ನೆಲದೊಳಗಿನ ಕುಣಿ; ಸೆಳೆಖಾನೆ – ಎಳೆದು ತೆಗೆಯುವ ಖಾನೆ; ಉಜ್ಜುಗೊರಡು – ಮರವನ್ನು ನಯಗೊಳಿಸುವ ಸಾಧನ.

1. ಬಡಿಗನು ಹಲಗೆಯನ್ನು ಸಡಿಲವಾಗಿ ಕೂರಿಸುವುದೇಕೆ?
2. ಮುಚ್ಚಳದ ಪೆಟ್ಟಿಗೆ ಸೆಳೆಖಾನೆಗಳ ಪೆಟ್ಟಿಗೆಯಾದ ಬಗೆಯನ್ನು ವಿವರಿಸಿರಿ.
3. 'ಹೆಸರು ಬರೆಯದೆ ಹೋದ ಬಡಿಗನ ಸಹಿ ಅದು' – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.