ಕಣ್ಣಳತೆಯ ಲೆನ್ಸ್: ಗೇಣು ಹಾಕಿ ನೋಡಿ

ಬೆಟ್ಟದ ತುದಿಯಲ್ಲಿ ನಿಂತರೆ ಎದುರಿನ ಗಿರಿಸಾಲು ಮೈಮೇಲೆ ಬಂದಂತಿರುತ್ತದೆ. ಮೊಬೈಲಿನಲ್ಲಿ ಕ್ಲಿಕ್ಕಿಸಿದರೆ ಅದೇ ಸಾಲು ಎಲ್ಲೋ ದೂರದ ದಿಬ್ಬ. ಕ್ಯಾಮೆರಾ ಕೆಟ್ಟಿಲ್ಲ. ಬಹುಪಾಲು ಮೊಬೈಲ್‌ಗಳ ಮುಖ್ಯ ಕ್ಯಾಮೆರಾ 24–26 ಮಿ.ಮೀ. ಲೆನ್ಸಿಗೆ ಸಮ. ಕಣ್ಣಿಗೆ ಹತ್ತಿರವೆಂದು ಹೆಸರಾದದ್ದು 50 ಮಿ.ಮೀ.; 1925ರಲ್ಲಿ ಮಾರುಕಟ್ಟೆಗೆ ಬಂದ ಲೈಕಾ ಕ್ಯಾಮೆರಾದಲ್ಲಿದ್ದದ್ದೂ ಅದೇ. (ಈ ಅಂಕಿಗಳೆಲ್ಲ 36×24 ಮಿ.ಮೀ. ಸೆನ್ಸರಿನ, ಅಂದರೆ ಫುಲ್‌ಫ್ರೇಮ್ ಲೆಕ್ಕ.)

ಹಾಗೆಂದು ಕಣ್ಣು 50 ಮಿ.ಮೀ. ಲೆನ್ಸ್ ಅಲ್ಲ. ಎರಡೂ ಕಣ್ಣು ಸೇರಿದರೆ ಅಡ್ಡಕ್ಕೆ 180 ಡಿಗ್ರಿಗೂ ಹೆಚ್ಚು ಕಾಣುತ್ತದೆ, ಆದರೆ ನಿಚ್ಚಳವಾಗಿ ಕಾಣುವುದು ನಡುವಿನ ಎರಡು ಡಿಗ್ರಿಯಷ್ಟೇ. ಇಷ್ಟು ಅಗಲಕ್ಕೂ ಅಷ್ಟು ಕಿರಿದಕ್ಕೂ ಒಂದೇ ಲೆನ್ಸ್ ಹುಡುಕುವುದು ವ್ಯರ್ಥ. ಬದಲಿಗೆ ಹೀಗೆ ಮಾಡಿ.

ಮೊದಲು ಗೇಣು ಹಾಕಿ. ಕೈಯನ್ನು ಪೂರ್ತಿ ಮುಂದೆ ಚಾಚಿ ಬೆರಳು ಅಗಲಿಸಿದರೆ ಹೆಬ್ಬೆರಳಿನಿಂದ ಕಿರುಬೆರಳಿನ ತುದಿಗೆ ಸುಮಾರು 20 ಡಿಗ್ರಿ. ಅಡ್ಡ ಹಿಡಿದ ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸಿಗೆ ಸಿಗುವುದು ಎರಡು ಗೇಣು. 100ಕ್ಕೆ ಒಂದು ಗೇಣು, 200ಕ್ಕೆ ಒಂದು ಮುಷ್ಟಿ, 24ಕ್ಕೆ ಹೆಚ್ಚುಕಡಿಮೆ ನಾಲ್ಕು ಗೇಣು. ಕೈ ಚಿಕ್ಕದಿದ್ದವರ ತೋಳೂ ಸಾಮಾನ್ಯವಾಗಿ ಗಿಡ್ಡವೇ, ಆದ್ದರಿಂದ ಮಕ್ಕಳಿಗೂ ಈ ಲೆಕ್ಕ ನಡೆಯುತ್ತದೆ.

ಆಮೇಲೆ ನಿಮ್ಮ ಸೆನ್ಸರ್ ಯಾವುದೆಂದು ನೋಡಿಕೊಳ್ಳಿ. ಎಪಿಎಸ್-ಸಿ ಆದರೆ ಲೆನ್ಸಿನ ಮೇಲಿನ ಅಂಕಿಯನ್ನು 1.5ರಿಂದ, ಕ್ಯಾನನ್ ಆದರೆ 1.6ರಿಂದ ಗುಣಿಸಿ. ಅಲ್ಲಿ ಕಣ್ಣಳತೆಗೆ 35 ಮಿ.ಮೀ. ಕೊಳ್ಳಬೇಕು. ಅಗ್ಗವೆಂದು 50 ತಂದರೆ ಅದು 75ರಂತೆ ವರ್ತಿಸುತ್ತದೆ. ಮನೆಯೊಳಗೆ ಹಿಂದೆ ಸರಿದು ಸರಿದು ಬೆನ್ನು ಗೋಡೆಗೆ ತಾಗುತ್ತದೆ.

ಮೂರನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ಚಿತ್ರವನ್ನು ಎಷ್ಟು ದೂರದಿಂದ ನೋಡುತ್ತೀರಿ? 36 ಮಿ.ಮೀ. ಅಗಲದ ಚಿತ್ರ 12 ಇಂಚಿನ ಪ್ರಿಂಟ್ ಆದಾಗ ಸುಮಾರು ಎಂಟೂವರೆ ಪಟ್ಟು ಹಿಗ್ಗಿರುತ್ತದೆ. ಫೋಕಲ್ ಲೆಂಗ್ತನ್ನೂ ಅಷ್ಟೇ ಪಟ್ಟು ಹಿಗ್ಗಿಸಿ. 50 ಮಿ.ಮೀ. ಚಿತ್ರಕ್ಕೆ ಸುಮಾರು 42 ಸೆಂ.ಮೀ. ಬರುತ್ತದೆ, ಪ್ರಿಂಟನ್ನು ನಾವು ಸಹಜವಾಗಿ ಹಿಡಿಯುವ ದೂರವೇ ಅದು. ಅಲ್ಲಿಂದ ನೋಡಿದರೆ ವಸ್ತುಗಳ ಗಾತ್ರ, ಅಂತರ ಎಲ್ಲ ಕಂಡಷ್ಟೇ ಇರುತ್ತವೆ. 24ರಲ್ಲಿ ತೆಗೆದದ್ದಾದರೆ 20 ಸೆಂ.ಮೀ. ಹತ್ತಿರ ಹಿಡಿಯಬೇಕು. ಯಾರೂ ಹಿಡಿಯುವುದಿಲ್ಲ, ಹಾಗಾಗಿಯೇ ದೂರದ್ದೆಲ್ಲ ಕುಗ್ಗಿ ಕಾಣುತ್ತದೆ. ನನ್ನ ಮಟ್ಟಿಗೆ 50ಕ್ಕೆ ಆ ಹೆಸರು ಬರಲು ಇದೇ ಸರಿಯಾದ ಕಾರಣ.

ಒಂದು ಕಣ್ಣು ವ್ಯೂಫೈಂಡರಿನಲ್ಲಿ, ಇನ್ನೊಂದು ಹೊರಗೆ. ಎರಡರಲ್ಲೂ ಗಾತ್ರ ಒಂದಾಗುವವರೆಗೆ ಝೂಮ್ ತಿರುಗಿಸಿ ಎಂಬ ಸಲಹೆಯೂ ಕೇಳಿಬರುತ್ತದೆ. ನಂಬಬೇಡಿ. 0.7 ಪಟ್ಟಿನ ವ್ಯೂಫೈಂಡರ್ ಇರುವ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಅದು 70ರ ಆಸುಪಾಸು ಹೊಂದುತ್ತದೆ. ಅಲ್ಲಿ ಅಳೆದದ್ದು ವ್ಯೂಫೈಂಡರನ್ನೇ ಹೊರತು ಕಣ್ಣನ್ನಲ್ಲ.

ಮುಖದ ಚಿತ್ರಕ್ಕೆ ಬಂದರೆ, ಮೂಗು ದಪ್ಪವಾಗುವುದು ಲೆನ್ಸಿನಿಂದಲ್ಲ, ತೀರಾ ಹತ್ತಿರ ನಿಲ್ಲುವುದರಿಂದ. ಎರಡು ಮೀಟರ್ ಹಿಂದೆ ಸರಿಯಿರಿ, ಮೊಬೈಲಿನಲ್ಲಿ 2 ಎಕ್ಸ್ ಒತ್ತಿ, ಆಮೇಲೆ ತೆಗೆಯಿರಿ.