ಮೊದಲು ವಯಸ್ಸು ಕೇಳು

ನೋಡಪ್ಪಾ, ಠಾಣೆಯಲ್ಲಿ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೊಣೆ ನಿನ್ನ ಹೆಗಲಿಗೆ ಬಂದಿದೆ ಅಂತ ನಿಮ್ಮಮ್ಮ ಹೇಳಿದಳು. ಬಂದೋಬಸ್ತು, ಸಮನ್ಸು, ಕೋರ್ಟ್ ಡ್ಯೂಟಿಗಳ ನಡುವೆ ಇದೂ ಒಂದು ಎಂದು ನಿನಗೆ ಅನ್ನಿಸಿರಬಹುದು. ಬಾಲ ನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕ ಸಮಾಜ ಕಾರ್ಯಕರ್ತ ಸದಸ್ಯನಾಗಿ ಕೂತು ಬಂದವನು ನಾನು. ನಮ್ಮೆದುರು ನಿಲ್ಲುವ ಹೊತ್ತಿಗೇ ಹುಡುಗನ ಹಣೆಬರಹ ಅರ್ಧ ಬರೆದಾಗಿರುತ್ತದೆ. ಬರೆಯುವವನು ನೀನು, ಅವನ ಹೆಸರಿನ ಮುಂದೆ ವಯಸ್ಸು ತುಂಬುವಾಗ.

ಬೈಕ್ ಕದ್ದು ಸಿಕ್ಕಿಬಿದ್ದ ಹುಡುಗ ಅಂತಿಟ್ಟುಕೋ. ಮೀಸೆ ಚಿಗುರಿದೆ, ಗಾರೆ ಕೆಲಸ ಮಾಡಿ ಮೈಕಟ್ಟು ಬಂದಿದೆ. ‘19 ಅಂತ ಬರ್ಕೊಳ್ಳಿ ಸಾರ್, ತಲೆನೋವು ಇರಲ್ಲ’ ಎಂದು ಯಾರೋ ಹೇಳುತ್ತಾರೆ. ಬರೆದೆಯೋ, ಅವನು ಜೈಲಿಗೆ, ಪಳಗಿದ ಕಳ್ಳರ ಜೊತೆಗೆ. 17 ಎಂದು ಸರಿಯಾಗಿ ಬರೆದರೆ 24 ಗಂಟೆಯೊಳಗೆ ಮಂಡಳಿಯ ಮುಂದೆ. 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಜಾಮೀನೇ ನಿಯಮ, ಅಪರಾಧ ಜಾಮೀನು ಸಿಗದಂಥದ್ದಾದರೂ. ಬಿಟ್ಟರೆ ಪುಂಡರ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯ ಎಂಬಂಥ ಕಾರಣವಿದ್ದರೆ ಮಾತ್ರ ವೀಕ್ಷಣಾಲಯ.

ಒಂದು ಸುಳ್ಳು ವಯಸ್ಸು ಎಷ್ಟು ದೂರ ಹೋಗುತ್ತದೆ ಗೊತ್ತೇ? ಪುಣೆಯ 1994ರ ಕೊಲೆ ಪ್ರಕರಣದಲ್ಲಿ ದೊಡ್ಡವನೆಂದೇ ವಿಚಾರಣೆ ನಡೆದು ಗಲ್ಲು ಶಿಕ್ಷೆಯಾದ ಒಬ್ಬನಿದ್ದ. ಘಟನೆಯ ದಿನ ಅವನಿಗೆ ಬರೀ 12 ವರ್ಷ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಒಪ್ಪಿಕೊಂಡಿತು. ಅಷ್ಟರಲ್ಲಿ 28 ವರ್ಷ ಸೆರೆಯಲ್ಲಿ ಕಳೆದಿದ್ದ. ಅವನನ್ನು ಬಿಡಿಸಿದ್ದು ರಾಜಸ್ಥಾನದ ಶಾಲೆಯೊಂದರ ದಾಖಲೆ. ಆ ದಾಖಲೆ ಮೊದಲಿನಿಂದಲೂ ಅಲ್ಲೇ ಇತ್ತಪ್ಪಾ, ಹೋಗಿ ಕೇಳಿದವರಿರಲಿಲ್ಲ.

ಅದಕ್ಕೇ ಹೇಳುವುದು, ಕೇಳು. ಶಾಲೆಯ ಜನ್ಮದಿನಾಂಕದ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲು. ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಅದರಲ್ಲಿ ಎರಡು ವರ್ಷ ಆಚೀಚೆ ಆಗಬಹುದು. ಕಾಯ್ದೆಯ ಈ ಸಾಲಿನಲ್ಲಿ ಆಧಾರ್ ಇಲ್ಲವೇ ಇಲ್ಲ, ಅದರಲ್ಲಿನ ಜನವರಿ 1ನ್ನು ನೆಚ್ಚಿಕೊಳ್ಳಬೇಡ. ರಾಯಚೂರು, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಬಂದವರ ಮಗನಾದರೆ ಕಾಗದವೆಲ್ಲ ಊರಿನ ಶಾಲೆಯ ಬೀರುವಿನಲ್ಲಿರುತ್ತದೆ. ಅಪ್ಪ ಅಮ್ಮ ಕೂಲಿ ಬಿಟ್ಟು ಹೋಗಿ ತರುವ ತನಕ ಕಾಯಬೇಡ, ಮುಖ್ಯೋಪಾಧ್ಯಾಯರಿಗೆ ನೀನೇ ಫೋನ್ ಮಾಡು. ನಿನ್ನ ಐದು ನಿಮಿಷ, ಅವರ ಎರಡು ದಿನದ ಸಂಬಳ.

ಉಳಿದದ್ದು ನಿನಗೆ ತರಬೇತಿಯಲ್ಲಿ ಹೇಳಿರುತ್ತಾರೆ. ಲಾಕಪ್ಪು ಬೇಡ, ಕೈಕೋಳ ಬೇಡ, ಯೂನಿಫಾರ್ಮ್ ಬೇಡ, ಹೇಳಿಕೆಗೆ ಸಹಿ ಬೇಡ. ಸಣ್ಣಪುಟ್ಟ ಪ್ರಕರಣ, ಜೊತೆಗೆ ದೊಡ್ಡವರಿಲ್ಲ ಎಂದಾದರೆ ಎಫ್‌ಐಆರ್ ಕೂಡ ಬೇಡ. ಠಾಣಾ ದಿನಚರಿಯಲ್ಲಿ ಬರೆದು ಸಾಮಾಜಿಕ ಹಿನ್ನೆಲೆ ವರದಿ ಕಳಿಸಿದರೆ ಸಾಕು. ಈ ವರದಿಯನ್ನು ‘ಬಡ ಕುಟುಂಬ, ಕೆಟ್ಟ ಸಹವಾಸ’ ಎಂದು ಗೀಚಿ ಮುಗಿಸಬೇಡ. ಶಾಲೆ ಯಾವಾಗ ಬಿಟ್ಟ, ಯಾಕೆ ಬಿಟ್ಟ, ಕದ್ದ ಬೈಕನ್ನು ಕೊಂಡವನು ಯಾರು, ವಿಚಾರಿಸು. ಹುಡುಗರನ್ನು ಮುಂದೆ ಬಿಟ್ಟು ಕೆಲಸ ಮಾಡಿಸುವ ದೊಡ್ಡವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ದಂಡ ಇದೆ. ನಾನು ನೋಡಿದ ಕಡತಗಳಲ್ಲಿ ಆ ಸೆಕ್ಷನ್ ಹಾಕಿದ್ದು ಅಪರೂಪ. ಅದು ನನಗೆ ಇವತ್ತಿಗೂ ನೋವಿನ ಸಂಗತಿ.

‘ಇವರನ್ನು ಹೀಗೆ ಬಿಟ್ಟರೆ ಹೇಗೆ?’ ಎಂದು ನಿನ್ನ ಜೊತೆಯವರು ಕೇಳಿಯೇ ಕೇಳುತ್ತಾರೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಸಿಟ್ಟಿನಲ್ಲೇ ಈ ಕಾಯ್ದೆ ಬಂದದ್ದು. 16 ದಾಟಿದವನು ಘೋರ ಅಪರಾಧ ಮಾಡಿದ್ದರೆ ಮಂಡಳಿ ಅವನ ಮನಃಸ್ಥಿತಿ ಪರಿಶೀಲಿಸಿ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಬಿಡುವುದೋ ಹಿಡಿಯುವುದೋ, ಆ ತೂಕವನ್ನು ಕಾಯ್ದೆ ಅವರ ಕೈಗೆ ಕೊಟ್ಟಿದೆ. ಸುಳ್ಳು ವಯಸ್ಸು ಬರೆದು ನೀನು ಅದನ್ನು ಠಾಣೆಯಲ್ಲೇ ತೂಗಿಬಿಡಬೇಡ.

ಇನ್ನೊಂದು, ಮರೆಯಬೇಡ. ಮಾಲು ಸಿಕ್ಕ ಖುಷಿಯಲ್ಲಿ ಹುಡುಗನನ್ನು ಬೈಕಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರಲ್ಲ, ಅದಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷದವರೆಗೆ ದಂಡ, ಕೆಲವೊಮ್ಮೆ ಎರಡೂ. ಪ್ರಕರಣ ಮುಗಿದ ಮೇಲೆ ಅವನ ದಾಖಲೆ ಅಳಿಸಲು ಕಾನೂನಿನಲ್ಲಿ ದಾರಿಯಿದೆ. ಊರೆಲ್ಲ ಹರಡಿದ ಫೋಟೊವನ್ನು ಮಂಡಳಿಯಿಂದಲೂ ಅಳಿಸಲಾಗದು.