ಆ ಐದು ಎಲ್ಲಿಂದ ಬಂತು?

ಪುಟ್ಟಿ, ರಾಜ್ಯಶಾಸ್ತ್ರ ಓದುವವಳಿಗೆ ಸಂಖ್ಯಾಶಾಸ್ತ್ರ ಯಾಕೆ ಮಾವ ಎಂದು ಮೊನ್ನೆ ಕೇಳಿದೆ. ಊಟದ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲಾಗಲಿಲ್ಲ.

ಒಂದು ಹಾಳೆಯಲ್ಲಿ ನಮ್ಮದೇ ವಿಧಾನಸಭೆಯ ಎರಡು ಚುನಾವಣೆಗಳನ್ನು ಅಕ್ಕಪಕ್ಕ ಬರೆ. 2018ರಲ್ಲಿ ಬಿಜೆಪಿಗೆ ಸುಮಾರು ಶೇ. 36 ಮತ, 104 ಸ್ಥಾನ. 2023ರಲ್ಲೂ ಮತ ಶೇ. 36ರ ಆಸುಪಾಸಿನಲ್ಲೇ ಇತ್ತು, ಸ್ಥಾನ ಮಾತ್ರ 66. ಮತ ಪ್ರಮಾಣದಲ್ಲಿ ಕಾಂಗ್ರೆಸ್ ಶೇ. 38ರಿಂದ 43ಕ್ಕೆ ಏರಿತು, ಜೆಡಿಎಸ್ 18ರಿಂದ 13ಕ್ಕೆ ಇಳಿಯಿತು. ಇಷ್ಟು ಬರೆಯುತ್ತಲೇ ಮನಸ್ಸು ಲೆಕ್ಕ ಮುಗಿಸಿಬಿಡುತ್ತದೆ: ಅಲ್ಲಿ ಹೋದ ಐದು ಇಲ್ಲಿಗೆ ಬಂತು, ಜೆಡಿಎಸ್ ಮತದಾರರು ಕಾಂಗ್ರೆಸ್‌ಗೆ ಹಾಕಿದರು. ಅಲ್ಲೇ ತಡೆ.

ಕದಲದೆ ನಿಂತಂತೆ ಕಾಣುವ ಆ 36ನ್ನೇ ಬಿಡಿಸಿ ನೋಡು. ಹಳೇ ಮೈಸೂರಿನಲ್ಲಿ ಅದು ಏರಿತ್ತು, ಉತ್ತರದ ಹಲವು ಕಡೆ ಇಳಿದಿತ್ತು. ಮಂಡ್ಯದ ಕಡೆ ಜೆಡಿಎಸ್ ಬಿಟ್ಟವರು ಬಿಜೆಪಿಗೆ, ಕಲಬುರಗಿಯ ಕಡೆ ಬಿಜೆಪಿ ಬಿಟ್ಟವರು ಕಾಂಗ್ರೆಸ್‌ಗೆ ಹೋಗಿದ್ದರೂ ಮೊತ್ತ ಹೀಗೇ ಬರುತ್ತದೆ.

ಹಾಗಾದರೆ ಮತಗಟ್ಟೆವಾರು ಲೆಕ್ಕ ನೋಡೋಣ ಅನ್ನುತ್ತೀಯ. ನೋಡಲೇಬೇಕು, ಚುನಾವಣಾ ಆಯೋಗದ ಫಾರಂ 20ರಲ್ಲಿ ಅದು ಸಿಗುತ್ತದೆ. ಆದರೆ ಮತಗಟ್ಟೆಯ ಮೊತ್ತವೂ ಮತಗಟ್ಟೆಯ ಮಾತನ್ನಷ್ಟೇ ಹೇಳುತ್ತದೆ, ಮನುಷ್ಯನದ್ದನ್ನಲ್ಲ. ರಾಬಿನ್ಸನ್ ಎಂಬ ಸಮಾಜಶಾಸ್ತ್ರಜ್ಞ 1950ರಲ್ಲೇ ಇದನ್ನು ಅಮೆರಿಕದ 1930ರ ಜನಗಣತಿಯಿಂದ ತೋರಿಸಿದ. ವಲಸೆ ಬಂದವರು ಹೆಚ್ಚಿದ್ದ ರಾಜ್ಯಗಳಲ್ಲಿ ಸಾಕ್ಷರತೆಯೂ ಹೆಚ್ಚಿತ್ತು. ಒಬ್ಬೊಬ್ಬರನ್ನೇ ಎಣಿಸಿದರೆ, ಅಲ್ಲೇ ಹುಟ್ಟಿದವರಿಗಿಂತ ವಲಸಿಗರಲ್ಲೇ ಅನಕ್ಷರಸ್ಥರು ಹೆಚ್ಚು. ಅವರು ಹೋಗಿ ನೆಲೆಸಿದ್ದು ಓದುಬರಹ ಬಲ್ಲವರ ಸೀಮೆಯಲ್ಲಿ, ಅಷ್ಟೇ.

ನಮ್ಮಲ್ಲಿ ಈ ತಪ್ಪು ಪುಸ್ತಕದಲ್ಲೇ ಉಳಿಯುವುದಿಲ್ಲ ಮಗಳೇ. ಇಂಥ ಕೇರಿಯವರು ಹೆಚ್ಚಿರುವ ಮತಗಟ್ಟೆ, ಇಂಥ ಪಕ್ಷಕ್ಕೆ ಮುನ್ನಡೆ, ಆದ್ದರಿಂದ ಆ ಕೇರಿಯೇ ಹಾಕಿತು ಎಂದು ಒಬ್ಬರು ಬರೆದರೆ, ಸೋತವರ ಸಿಟ್ಟು ಆ ಕೇರಿಯ ಮೇಲೆ ತಿರುಗುತ್ತದೆ. ಗುಟ್ಟಿನ ಮತವನ್ನು ನಾವು ಊಹೆಯಿಂದ ಬಯಲು ಮಾಡಿದಂತಾಗುತ್ತದೆ, ಅದೂ ತಪ್ಪಾಗಿ. ನಾನು ನಿನ್ನನ್ನು ಲೆಕ್ಕ ಕಲಿ ಎಂದು ಒತ್ತಾಯಿಸುವುದು ಮುಖ್ಯವಾಗಿ ಇದಕ್ಕೇ. ಯಾರು ಯಾರಿಗೆ ಹಾಕಿದರೆಂದು ತಿಳಿಯಬೇಕಿದ್ದರೆ ಜನರನ್ನೇ ಕೇಳಬೇಕು. ಯಾರನ್ನು, ಎಷ್ಟು ಮಂದಿಯನ್ನು, ಹೇಗೆ ಆರಿಸಿ ಕೇಳಬೇಕೆಂಬುದು ಸಂಖ್ಯಾಶಾಸ್ತ್ರದ ಅರ್ಧ ಪಾಠ.

ಆರ್, ಪೈಥಾನ್‌ನಂಥ ಲೆಕ್ಕದ ತಂತ್ರಾಂಶಗಳನ್ನೆಲ್ಲ ಆಮೇಲೆ ಕಲಿತರಾಯಿತು. ಈ ವಾರ ನಮ್ಮ ಕ್ಷೇತ್ರದ ಫಾರಂ 20 ಇಳಿಸಿಕೊಂಡು, ಇಪ್ಪತ್ತು ಮತಗಟ್ಟೆಗಳ ಶೇಕಡಾವಾರು ಕೈಯಲ್ಲೇ ತೆಗೆ. ಪಕ್ಕದಲ್ಲಿ, ಆ ಅಂಕಿಯಿಂದ ಹೇಳಲಾಗದ್ದು ಏನೆಂದೂ ಒಂದೊಂದು ಸಾಲು ಬರೆ. ಭಾನುವಾರ ಬರುವಾಗ ಹಾಳೆ ತಾ, ಕೂತು ನೋಡೋಣ.